ಕಾವಲುಗಾರ ಊಟಕ್ಕೆ ಹೋದಾಗ

2022ರ ಜನವರಿಯ ನಾಲ್ಕನೇ ಶನಿವಾರ, ಭಾನುವಾರಗಳ ಆಸುಪಾಸಿನಲ್ಲಿ ಹೈದರಾಬಾದಿನ ಎ.ಪಿ. ಮಹೇಶ್ ಕೋ-ಆಪರೇಟಿವ್ ಅರ್ಬನ್ ಬ್ಯಾಂಕಿನಿಂದ 12 ಕೋಟಿ ರೂಪಾಯಿಗೂ ಹೆಚ್ಚು ಹಣ ಹೊರಗೆ ಹೋಯಿತು. ಯಾರೂ ಬೀಗ ಒಡೆಯಲಿಲ್ಲ, ಗೋಡೆಗೆ ಕನ್ನ ಹಾಕಲಿಲ್ಲ. ಹಣ ಮೊದಲು ಅದೇ ಬ್ಯಾಂಕಿನ ಕೆಲವು ಖಾತೆಗಳಿಗೆ ಬಂತು, ಅಲ್ಲಿಂದ ದೇಶದ ಬೇರೆ ಬೇರೆ ಬ್ಯಾಂಕುಗಳ ನೂರಕ್ಕೂ ಹೆಚ್ಚು ಖಾತೆಗಳಿಗೆ ಹರಿದು ಹೋಯಿತು.

ಎರಡು ತಿಂಗಳ ನಂತರ ಹೈದರಾಬಾದ್ ಪೊಲೀಸರು ತನಿಖೆಯ ವಿವರ ಹೇಳಿದರು. 2021ರ ನವೆಂಬರ್‌ನಲ್ಲಿ ಬ್ಯಾಂಕಿನ ಸಿಬ್ಬಂದಿಗೆ ಇನ್ನೂರಕ್ಕೂ ಹೆಚ್ಚು ಮೋಸದ ಇಮೇಲ್‌ಗಳು ಬಂದಿದ್ದವು. ಒಂದು ಗುರಿ ಮುಟ್ಟಿದರೂ ಸಾಕಿತ್ತು, ಮುಟ್ಟಿತು. ದೂರದಿಂದಲೇ ಕಂಪ್ಯೂಟರನ್ನು ಆಡಿಸುವ ಒಂದು ತಂತ್ರಾಂಶ ಒಳಗೆ ಬಂದು ಕೂತಿತು. ಬ್ಯಾಂಕಿನ ಫೈರ್‌ವಾಲ್‌ಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಲಿಲ್ಲ. ನುಸುಳಿ ಬಂದವರನ್ನು ಗುರುತಿಸುವ, ತಡೆಯುವ ಏರ್ಪಾಡು ಇರಲಿಲ್ಲ. ಪ್ರಧಾನ ಕಚೇರಿ ಮತ್ತು ಶಾಖೆಗಳ ಜಾಲವನ್ನು ಬೇರೆ ಬೇರೆ ಮಾಡಿರಲಿಲ್ಲ. ಎಲ್ಲ ಅಧಿಕಾರ ಇರುವ ‘ಸೂಪರ್ ಯೂಸರ್’ ಖಾತೆಗಳು ಸುಮಾರು ಹತ್ತು ಇದ್ದವು, ಅವುಗಳಲ್ಲಿ ಕೆಲವಕ್ಕೆ ಒಂದೇ ಪಾಸ್‌ವರ್ಡ್ ಇತ್ತು. 2023ರಲ್ಲಿ ರಿಸರ್ವ್ ಬ್ಯಾಂಕ್ ಈ ಬ್ಯಾಂಕಿಗೆ 65 ಲಕ್ಷ ರೂಪಾಯಿ ದಂಡ ಹಾಕಿತು.

ಈ ಸುದ್ದಿ ಬಂದಾಗ ಗಚ್ಚಿಬೌಲಿ, ಮಾದಾಪುರದ ನಮ್ಮಂಥ ಐಟಿ ಜನರ ಬಾಯಲ್ಲಿ ಮೊದಲು ಬಂದ ಪ್ರಶ್ನೆ ‘ಯಾವ ಕಂಪನಿಯ ಫೈರ್‌ವಾಲ್ ಇತ್ತಂತೆ?’ ಎಂಬುದು. ಆಮೇಲೆ ‘ಕ್ಲೌಡ್‌ಗೆ ಹೋಗಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬ ಮಾತು. ಎರಡೂ ನಮ್ಮ ಕಸುಬಿಗೆ ಸಹಜವಾದ ಮಾತುಗಳೇ. ಆದರೆ ಪಾಸ್‌ವರ್ಡ್ ಹಂಚಿಕೊಂಡ ಮಂದಿಗೆ ಯಾವ ಕಂಪನಿಯ ಪೆಟ್ಟಿಗೆ ಕಾವಲು ಕಾಯುತ್ತದೆ?

ನೆಟ್‌ವರ್ಕ್ ಭದ್ರತೆಯನ್ನು ಕ್ಲೌಡ್ ಮೂಲಕ ಮಾರುವ ಕಂಪನಿಗಳನ್ನು ಹೋಲಿಸಿ ಒಂದನ್ನು ಆರಿಸುವ ಕೆಲಸ ಈಗ ನಮ್ಮಲ್ಲಿ ಅನೇಕರ ಪಾಲಿಗೆ ಬರುತ್ತಿದೆ. ಎಕ್ಸೆಲ್ ಹಾಳೆಯಲ್ಲಿ ಅಡ್ಡಡ್ಡ ಕಂಪನಿಗಳ ಹೆಸರು, ಉದ್ದುದ್ದ ಸೌಲಭ್ಯಗಳ ಪಟ್ಟಿ, ನಡುವೆ ಹಸಿರು ಟಿಕ್ ಗುರುತು. ಕೊನೆಗೆ ನೋಡಿದರೆ ಎಲ್ಲರ ಕಾಲಂನಲ್ಲೂ ಹಸಿರೇ. ಆ ಹಾಳೆ ಹೇಳದ ಮಾತನ್ನು ಈ ಕಸುಬಿನ ಚರಿತ್ರೆ ಹೇಳುತ್ತದೆ ಎಂಬುದು ನನ್ನ ಅನುಭವ. ಆ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಕೋಟೆಗಳು

ಹೈದರಾಬಾದಿನಲ್ಲಿದ್ದು ಗೋಡೆಯ ಮಾತಾಡುವಾಗ ಗೋಲ್ಕೊಂಡವನ್ನು ಬಿಟ್ಟು ಮಾತಾಡುವುದು ಕಷ್ಟ. ನಾವೆಲ್ಲ ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ದು ಫತೇ ದರ್ವಾಜಾದ ಕೆಳಗೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದವರೇ. ಕೆಳಗಿನ ಚಪ್ಪಾಳೆ ಮೇಲೆ ಬಾಲಾ ಹಿಸಾರ್‌ವರೆಗೆ ಕೇಳುತ್ತದೆ. ಅಂದಿನ ಕಾಲಕ್ಕೆ ಅದು ಎಚ್ಚರಿಕೆಯ ಗಂಟೆ. 1687ರಲ್ಲಿ ಔರಂಗಜೇಬನ ಸೈನ್ಯ ಆ ಕೋಟೆಯನ್ನು ಸುಮಾರು ಎಂಟು ತಿಂಗಳು ಮುತ್ತಿತು. ಫಿರಂಗಿಗೆ ಗೋಡೆ ಜಗ್ಗಲಿಲ್ಲ. ಕೊನೆಗೆ ಸೆಪ್ಟೆಂಬರ್‌ನ ಒಂದು ರಾತ್ರಿ ಒಳಗಿನವನೇ ಆದ ಅಬ್ದುಲ್ಲಾ ಖಾನ್ ಪಾನಿ ಎಂಬ ಅಧಿಕಾರಿ ಲಂಚಕ್ಕೆ ಒಲಿದು ಬಾಗಿಲು ತೆರೆದ. ಕುತುಬ್ ಶಾಹಿಗಳ ರಾಜ್ಯ ಅಲ್ಲಿಗೆ ಮುಗಿಯಿತು.

ಇನ್ನೊಂದು ಕೋಟೆಯ ಕಥೆಯನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಚಿತ್ರದುರ್ಗದ ಬಂಡೆಯ ನಡುವಿನ ಕಿಂಡಿ, ಅಲ್ಲಿಂದ ಯಾರೋ ಓಡಾಡುವುದನ್ನು ಕಂಡ ಹೈದರಾಲಿಯ ಕಡೆಯವರು, ಕಾವಲುಗಾರ ಮನೆಗೆ ಊಟಕ್ಕೆ ಬಂದ ಹೊತ್ತು, ನೀರಿಗೆ ಹೋದ ಓಬವ್ವ, ಅವಳ ಕೈಯಲ್ಲಿದ್ದ ಒನಕೆ. ಜನಪದ ನೆನಪಿನಲ್ಲಿ ಉಳಿದಿರುವ ಈ ಕಥೆಯಲ್ಲಿ ನನ್ನ ಕಸುಬಿನವರು ಗಮನಿಸಬೇಕಾದ ಮಾತು ಒಂದಿದೆ. ಕೋಟೆಗೆ ಏಳು ಸುತ್ತಿನ ಗೋಡೆ ಇತ್ತು, ಕಿಂಡಿಗೂ ಒಬ್ಬ ಕಾವಲುಗಾರನಿದ್ದ. ಅವನು ಊಟಕ್ಕೆ ಹೋದಾಗ ಯಾರು ನಿಲ್ಲಬೇಕು ಎಂಬುದು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ.

ಈ ಎರಡು ಕಥೆಗಳು ನೆನಪಿನಲ್ಲಿರಲಿ. ಇನ್ನು ನಮ್ಮ ಕಾಲದ ಗೋಡೆಗಳಿಗೆ ಬರೋಣ.

ಪೆಟ್ಟಿಗೆಯ ಕಾಲ

‘ಫೈರ್‌ವಾಲ್’ ಎಂಬ ಪದ ಕಂಪ್ಯೂಟರಿನದಲ್ಲ, ಕಟ್ಟಡ ಕಟ್ಟುವವರದು. ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ ಮನೆಗೆ ಹಬ್ಬದಂತೆ ತಡೆಯುವ ಗೋಡೆ ಅದು. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ‘ಹುಳು’ ಅಂದಿನ ಪುಟ್ಟ ಇಂಟರ್ನೆಟ್‌ನಲ್ಲಿ ಹಬ್ಬಿ ಸುಮಾರು ಆರು ಸಾವಿರ ಕಂಪ್ಯೂಟರುಗಳನ್ನು ಮಂಕಾಗಿಸಿತು ಎಂಬ ಅಂದಾಜಿದೆ. ಅಲ್ಲಿಯವರೆಗೆ ಇಂಟರ್ನೆಟ್ ಎಂದರೆ ಬಾಗಿಲಿಗೆ ಅಗುಳಿ ಹಾಕದ ಹಳ್ಳಿಯಂತಿತ್ತು. ಆ ಹುಳುವಿನ ನಂತರ ಬೆಂಕಿಗೋಡೆಯ ಮಾತು ಜೋರಾಯಿತು.

ಮೊದಲ ತಲೆಮಾರಿನ ಫೈರ್‌ವಾಲ್ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನಂತೆ ಕೆಲಸ ಮಾಡುತ್ತಿತ್ತು. ಲಕೋಟೆಯ ಮೇಲಿನ ವಿಳಾಸ ನೋಡಿ ಬಿಡು, ಬೇಡ ಎಂದು ತೀರ್ಮಾನಿಸುತ್ತಿತ್ತು. ಒಳಗೆ ಏನಿದೆ, ಇದು ಯಾವ ಪತ್ರಕ್ಕೆ ಬಂದ ಉತ್ತರ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1990ರ ದಶಕದ ಆರಂಭದಲ್ಲಿ ಮಾರಿದ ‘ಸೀಲ್’ ಎಂಬ ವ್ಯವಸ್ಥೆ ಇನ್ನೊಂದು ದಾರಿ ಹಿಡಿಯಿತು. ಅದು ಒಳಗಿನವರ ಪರವಾಗಿ ತಾನೇ ಹೊರಗೆ ಹೋಗಿ ಬರುವ ದಲ್ಲಾಳಿಯಂತಿತ್ತು. ಭದ್ರ, ಆದರೆ ನಿಧಾನ.

1993ರಲ್ಲಿ ಇಸ್ರೇಲಿನಲ್ಲಿ ಗಿಲ್ ಶ್ವೆಡ್, ಶ್ಲೋಮೊ ಕ್ರಾಮರ್, ಮಾರಿಯಸ್ ನಾಖ್ಟ್ ಎಂಬ ಮೂವರು ‘ಚೆಕ್ ಪಾಯಿಂಟ್’ ಕಂಪನಿ ಕಟ್ಟಿದರು. ಮರುವರ್ಷ ಬಂದ ಅವರ ‘ಫೈರ್‌ವಾಲ್-1’ ನಡೆಯುತ್ತಿರುವ ಸಂಭಾಷಣೆಯನ್ನು ನೆನಪಿಟ್ಟುಕೊಳ್ಳುತ್ತಿತ್ತು. ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರವಾದರೆ ಒಳಗೆ ಬಿಡು, ಕರೆಯದೆ ಬಂದವನಾದರೆ ಬಾಗಿಲಲ್ಲೇ ನಿಲ್ಲಿಸು. ಇಂದಿಗೂ ಬಹುಪಾಲು ಫೈರ್‌ವಾಲ್‌ಗಳ ಅಡಿಪಾಯ ಇದೇ.

ಆ ಹೊತ್ತಿಗೆ ನಮ್ಮ ದೇಶದಲ್ಲಿ ಏನಿತ್ತು? ವಿಎಸ್‌ಎನ್‌ಎಲ್ ಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ಹೈದರಾಬಾದಿನ ಸೈಬರ್ ಟವರ್ಸ್ ಅನ್ನು ಪ್ರಧಾನಿ ವಾಜಪೇಯಿ ಉದ್ಘಾಟಿಸಿದ್ದು 1998ರ ನವೆಂಬರ್‌ನಲ್ಲಿ. ಆ ದುಂಡು ಕಟ್ಟಡದ ಸುತ್ತ ಆಗ ಬಂಡೆ, ಕುರುಚಲು ಕಾಡು. ಅಲ್ಲಿಂದ ಮುಂದೆ ಈ ಊರಲ್ಲಿ ಎದ್ದ ಕಚೇರಿಗಳ ನೆಟ್‌ವರ್ಕ್ ಚಿತ್ರ ಗೋಲ್ಕೊಂಡದ ನಕ್ಷೆಯಂತೆಯೇ ಇರುತ್ತಿತ್ತು. ಸುತ್ತ ಗೋಡೆ, ಒಂದು ಮಹಾದ್ವಾರ, ದ್ವಾರದಲ್ಲಿ ಒಂದು ಪೆಟ್ಟಿಗೆ. ಗೋಡೆಯೊಳಗೆ ಇದ್ದವರು ನಮ್ಮವರು, ಹೊರಗಿದ್ದವರು ಪರಕೀಯರು.

ಪೆಟ್ಟಿಗೆಗಳು ಬದಲಾದವು. ಆದರೆ ಅವುಗಳ ವಂಶವೃಕ್ಷ ಬಹಳ ಚಿಕ್ಕದು. ಚೆಕ್ ಪಾಯಿಂಟಿನಲ್ಲಿ ಎಂಜಿನಿಯರ್ ಆಗಿದ್ದ ನೀರ್ ಝುಕ್ ಅಲ್ಲಿಂದ ಹೊರಬಂದು, ನೆಟ್‌ಸ್ಕ್ರೀನ್ ಎಂಬ ಕಂಪನಿಯನ್ನು ಹಾದು, 2005ರಲ್ಲಿ ‘ಪಾಲೊ ಆಲ್ಟೊ ನೆಟ್‌ವರ್ಕ್ಸ್’ ಶುರುಮಾಡಿದರು. ವಿಳಾಸ ಮಾತ್ರ ನೋಡಿದರೆ ಸಾಲದು, ಯಾವ ಅಪ್ಲಿಕೇಷನ್, ಯಾವ ವ್ಯಕ್ತಿ ಎಂದು ನೋಡಬೇಕು ಎಂಬುದು ಅವರ ವಾದ. ಅದೇ ನೆಟ್‌ಸ್ಕ್ರೀನ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಷೀ ತಮ್ಮ ಸಹೋದರನ ಜೊತೆ 2000ದಲ್ಲಿ ‘ಫೋರ್ಟಿನೆಟ್’ ಕಟ್ಟಿದ್ದರು. ವೈರಸ್ ತಡೆ, ವೆಬ್ ತಡೆ, ಫೈರ್‌ವಾಲ್ ಎಲ್ಲವನ್ನೂ ತಮ್ಮದೇ ಚಿಪ್ ಇರುವ ಒಂದು ಪೆಟ್ಟಿಗೆಯಲ್ಲಿ ಕೊಡುವುದು ಅವರ ದಾರಿ. ಚೆಕ್ ಪಾಯಿಂಟಿನ ಶ್ಲೋಮೊ ಕ್ರಾಮರ್ ಮುಂದೆ 2015ರಲ್ಲಿ ‘ಕ್ಯಾಟೊ ನೆಟ್‌ವರ್ಕ್ಸ್’ ಎಂಬ ಕ್ಲೌಡ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು. ಪೆಟ್ಟಿಗೆಯ ಕಾಲ ಮುಗಿಯಿತು ಎಂದು ಸಾರಿದವರಲ್ಲಿ ಮೊದಲ ಪೆಟ್ಟಿಗೆ ಮಾಡಿದವರೂ ಇದ್ದರು ಎಂಬುದು ಇಲ್ಲಿನ ಸೋಜಿಗ.

ಪ್ರತಿ ತಲೆಮಾರೂ ಹಿಂದಿನದು ಸತ್ತಿತು ಎಂದೇ ಮಾರಾಟ ಶುರುಮಾಡಿತು. ಹಿಂದಿನದು ಸಾಯಲಿಲ್ಲ. ಹೊಸದರ ಒಳಗೆ ಸೇರಿಕೊಂಡಿತು.

ಕೋಟೆಯಿಂದ ಜನ ಹೊರಟಾಗ

ಗೋಡೆ ಗಟ್ಟಿಯಾಗುತ್ತಿದ್ದಂತೆ ಒಳಗಿದ್ದವರು ಹೊರಗೆ ಹೋಗತೊಡಗಿದರು. ಸೇಲ್ಸ್‌ಫೋರ್ಸ್ 1999ರಲ್ಲಿ ಬಂತು, ಅಮೆಜಾನಿನ ಕ್ಲೌಡ್ 2006ರಲ್ಲಿ, ಮೈಕ್ರೋಸಾಫ್ಟಿನ ಆಫೀಸ್ 365 ಬಂದದ್ದು 2011ರಲ್ಲಿ. ಕಂಪನಿಯ ಇಮೇಲ್, ಲೆಕ್ಕಪತ್ರ, ಗ್ರಾಹಕರ ಪಟ್ಟಿ ಎಲ್ಲ ಬೇರೆಯವರ ಕಟ್ಟಡ ಸೇರಿದವು. ಆದರೆ ಕಾವಲು ಹಳೆಯ ಬಾಗಿಲಲ್ಲೇ ಉಳಿಯಿತು. ರಾಯಚೂರಿನ ಶಾಖೆಯವನು ಮುಂಬಯಿಯ ಸರ್ವರಿನಲ್ಲಿರುವ ತನ್ನ ಇಮೇಲ್ ನೋಡಬೇಕಾದರೆ, ದುಬಾರಿ ಬಾಡಿಗೆಯ ಲೈನಿನಲ್ಲಿ ಮೊದಲು ಹೈದರಾಬಾದಿನ ಪ್ರಧಾನ ಕಚೇರಿಗೆ ಬಂದು, ಅಲ್ಲಿನ ಪೆಟ್ಟಿಗೆಯ ಮುಂದೆ ಸರದಿ ನಿಂತು, ಆಮೇಲೆ ಮುಂಬಯಿಗೆ ಹೋಗಬೇಕು. ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿದ ಹಾಗೆ.

ಈ ಸುತ್ತನ್ನು ಮೊದಲೇ ಕಂಡವರಲ್ಲಿ ಜೈ ಚೌಧರಿ ಒಬ್ಬರು. ಹಿಮಾಚಲ ಪ್ರದೇಶದ ಊನಾ ಜಿಲ್ಲೆಯ ಪನೋಹ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ತಾಂತ್ರಿಕ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಹಲವು ಕಂಪನಿಗಳನ್ನು ಕಟ್ಟಿ ಮಾರಿದ ಮೇಲೆ 2007ರಲ್ಲಿ ‘ಝೀಸ್ಕೇಲರ್’ ಶುರುಮಾಡಿದರು. ಅವರ ಯೋಚನೆ ಸರಳ. ಪ್ರತಿ ಕಚೇರಿಯ ಬಾಗಿಲಲ್ಲಿ ಪೆಟ್ಟಿಗೆ ಇಡುವ ಬದಲು ಊರೂರಲ್ಲಿ ತಪಾಸಣಾ ಕಟ್ಟೆ ಕಟ್ಟೋಣ, ಉದ್ಯೋಗಿ ಎಲ್ಲಿದ್ದರೂ ಹತ್ತಿರದ ಕಟ್ಟೆಯನ್ನು ಹಾದುಹೋಗಲಿ. ಜನ ನಕ್ಕರು. ಕಂಪನಿಯ ಗುಟ್ಟನ್ನೆಲ್ಲ ಯಾರೋ ಮೂರನೆಯವರ ಕಟ್ಟೆಯಲ್ಲಿ ಬಿಚ್ಚಿ ನೋಡಿಸಲು ಯಾರು ಒಪ್ಪುತ್ತಾರೆ? ಹತ್ತು ವರ್ಷದಲ್ಲಿ ಒಪ್ಪಿದರು. 2018ರ ಮಾರ್ಚ್‌ನಲ್ಲಿ ಝೀಸ್ಕೇಲರ್ ಷೇರು ಮಾರುಕಟ್ಟೆಗೆ ಬಂತು.

ಬೇರೆಯವರು ಬೇರೆ ದಿಕ್ಕಿನಿಂದ ಬಂದರು. 2010ರಲ್ಲಿ ಶುರುವಾದ ‘ಕ್ಲೌಡ್‌ಫ್ಲೇರ್’ ವೆಬ್‌ಸೈಟುಗಳನ್ನು ದಾಳಿಯಿಂದ ಕಾಯುವ, ಬೇಗ ತೆರೆಯುವಂತೆ ಮಾಡುವ ಕೆಲಸದಿಂದ ಹೊರಟಿತು. 2012ರಲ್ಲಿ ಸಂಜಯ್ ಬೇರಿ ಮತ್ತು ಜೊತೆಗಾರರು ಕಟ್ಟಿದ ‘ನೆಟ್‌ಸ್ಕೋಪ್’ ಕ್ಲೌಡ್ ಅಪ್ಲಿಕೇಷನ್‌ಗಳ ಒಳಗೆ ಯಾರು ಯಾವ ಫೈಲನ್ನು ಯಾರಿಗೆ ಕೊಡುತ್ತಿದ್ದಾರೆ ಎಂದು ನೋಡುವುದರಿಂದ ಹೊರಟಿತು.

ಯೋಚನೆಯ ಲೋಕದಲ್ಲೂ ಗೋಡೆ ಬಿರುಕು ಬಿಡುತ್ತಿತ್ತು. 2004ರಲ್ಲೇ ‘ಜೆರಿಕೊ ಫೋರಂ’ ಎಂಬ ದೊಡ್ಡ ಕಂಪನಿಗಳ ಭದ್ರತಾ ಮುಖ್ಯಸ್ಥರ ಕೂಟ ‘ಸುತ್ತುಗೋಡೆ ಕರಗುತ್ತಿದೆ’ ಎಂದು ಹೇಳತೊಡಗಿತ್ತು. 2009ರ ಕೊನೆಯಲ್ಲಿ ಗೂಗಲ್‌ನ ಒಳಗೇ ದಾಳಿಕೋರರು ನುಸುಳಿದರು. ಅದಾದ ಮೇಲೆ ಗೂಗಲ್ ತನ್ನ ಕಚೇರಿಯ ನೆಟ್‌ವರ್ಕನ್ನೂ ಹೊರಗಿನ ರಸ್ತೆಯಷ್ಟೇ ಅನುಮಾನದಿಂದ ನೋಡುವ ಪದ್ಧತಿ ಕಟ್ಟಿ, 2014ರಲ್ಲಿ ಅದನ್ನು ‘ಬಿಯಾಂಡ್‌ಕಾರ್ಪ್’ ಹೆಸರಿನಲ್ಲಿ ಪ್ರಕಟಿಸಿತು. 2010ರಲ್ಲಿ ಜಾನ್ ಕಿಂಡರ್‌ವಾಗ್ ಇದಕ್ಕೆ ‘ಝೀರೊ ಟ್ರಸ್ಟ್’ ಎಂದು ಹೆಸರಿಟ್ಟಿದ್ದರು. ಒಳಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನಂಬಬೇಡ, ಪ್ರತಿ ಬಾಗಿಲಲ್ಲೂ ಗುರುತು ಕೇಳು ಎಂಬುದು ಅದರ ಸಾರ. ಅಬ್ದುಲ್ಲಾ ಖಾನನ ಕಥೆ ಗೊತ್ತಿರುವ ಊರಿನವರಿಗೆ ಇದು ಹೊಸ ಮಾತಲ್ಲ.

2019ರಲ್ಲಿ ಗಾರ್ಟ್‌ನರ್ ಸಂಸ್ಥೆ ನೆಟ್‌ವರ್ಕ್ ಮತ್ತು ಭದ್ರತೆ ಎರಡೂ ಒಟ್ಟಿಗೆ ಕ್ಲೌಡ್‌ನಿಂದ ಬರುವ ಈ ಪದ್ಧತಿಗೆ ‘ಸ್ಯಾಸಿ’ ಎಂಬ ಹೆಸರು ಕೊಟ್ಟಿತು. ಆರೇಳು ತಿಂಗಳಲ್ಲಿ ಕೊರೊನಾ ಬಂತು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದಾಗ ಹೈಟೆಕ್ ಸಿಟಿಯ ಲಕ್ಷಾಂತರ ಕುರ್ಚಿಗಳು ಖಾಲಿಯಾದವು. ನಮ್ಮಲ್ಲಿ ಹಲವರು ಲ್ಯಾಪ್‌ಟಾಪ್ ಕಟ್ಟಿಕೊಂಡು ಬೀದರ್, ಕಲಬುರಗಿ, ಕೊಪ್ಪಳ ಸೇರಿದೆವು. ಕಚೇರಿಯ ವಿಪಿಎನ್ ಪೆಟ್ಟಿಗೆಗಳು ನೂರು ಜನಕ್ಕೆ ಮಾಡಿದ ಅಡುಗೆಯನ್ನು ಸಾವಿರ ಜನಕ್ಕೆ ಬಡಿಸಬೇಕಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಹೊರಗುತ್ತಿಗೆ ಕಂಪನಿಗಳ ನಿಯಮ ಸಡಿಲಿಸಿ, ಮನೆಯಿಂದ ಕೆಲಸ ಮಾಡುವುದಕ್ಕೆ ಹಾದಿ ಸುಗಮ ಮಾಡಿತು. ಕೋಟೆ ಬಿಟ್ಟ ಜನ ಪೂರ್ತಿಯಾಗಿ ಮರಳಲಿಲ್ಲ. ಪೆಟ್ಟಿಗೆ ಮಾರುತ್ತಿದ್ದ ಕಂಪನಿಗಳೂ ಕ್ಲೌಡ್ ಅಂಗಡಿ ತೆರೆದವು. ಇಂದು ನಾವು ಹೋಲಿಸಬೇಕಾದ ಸಂತೆ ಇದು.

ಹುಟ್ಟಿನ ಗುಣ

ಈ ಸಂತೆಯಲ್ಲಿ ಎಲ್ಲರೂ ಎಲ್ಲವನ್ನೂ ಮಾರುತ್ತಾರೆ. ಆದರೆ ಹುಟ್ಟಿನ ಗುಣ ಅಷ್ಟು ಬೇಗ ಹೋಗುವುದಿಲ್ಲ. ಝೀಸ್ಕೇಲರ್ ದಲ್ಲಾಳಿಯ ದಾರಿಯಲ್ಲಿ ಹುಟ್ಟಿದ್ದು, ಉದ್ಯೋಗಿಯನ್ನು ನೆಟ್‌ವರ್ಕಿಗೆ ಬಿಡದೆ ಬೇಕಾದ ಅಪ್ಲಿಕೇಷನ್‌ಗೆ ಮಾತ್ರ ಮುಟ್ಟಿಸುವುದು ಅದರ ಜಾಯಮಾನ. ಪಾಲೊ ಆಲ್ಟೊ ಫೈರ್‌ವಾಲ್ ಮನೆತನ, ಹಳೆಯ ಪೆಟ್ಟಿಗೆಗಳನ್ನೂ ಕ್ಲೌಡನ್ನೂ ಒಂದೇ ನಿಯಮಪಟ್ಟಿಯಲ್ಲಿ ಆಳಬೇಕು ಎನ್ನುವವರಿಗೆ ಹತ್ತಿರ. ಫೋರ್ಟಿನೆಟ್ ಶಾಖೆಗಳು ಹೆಚ್ಚಿರುವ, ಪ್ರತಿ ಶಾಖೆಯಲ್ಲೂ ಒಂದು ಪೆಟ್ಟಿಗೆ ಇರಲೇಬೇಕಾದ ವ್ಯವಹಾರಕ್ಕೆ ಒಗ್ಗುತ್ತದೆ. ನೆಟ್‌ಸ್ಕೋಪ್‌ನ ಕಣ್ಣು ದತ್ತಾಂಶದ ಮೇಲೆ. ಕ್ಲೌಡ್‌ಫ್ಲೇರ್‌ನ ಬಲ ಊರೂರಿಗೆ ಹರಡಿದ ಅದರ ಜಾಲ. ಕ್ಯಾಟೊ ತನ್ನದೇ ಬೆನ್ನೆಲುಬು ಜಾಲದ ಮೇಲೆ ಎಲ್ಲವನ್ನೂ ಮೊದಲಿನಿಂದ ಒಟ್ಟಿಗೆ ಕಟ್ಟಿದ್ದು.

ಹಾಗಾಗಿ ಹೋಲಿಕೆ ಶುರುವಾಗಬೇಕಾದದ್ದು ಅವರ ಪಟ್ಟಿಯಿಂದಲ್ಲ, ನಮ್ಮ ಮನೆಯಿಂದ. ನಮ್ಮ ಜನ ಎಲ್ಲಿದ್ದಾರೆ, ಅಪ್ಲಿಕೇಷನ್‌ಗಳು ಎಲ್ಲಿವೆ, ಕಳೆದುಕೊಂಡರೆ ಬದುಕೇ ನಿಲ್ಲುವಂಥ ದತ್ತಾಂಶ ಯಾವುದು ಎಂದು ಮೊದಲು ಬರೆದುಕೊಳ್ಳಬೇಕು. ಹದಿನೈದು ದಿನ ಪ್ರಯೋಗಕ್ಕೆ ಕೊಡಿ ಎಂದು ಕೇಳಿ, ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಗಚ್ಚಿಬೌಲಿಯ ಫೈಬರಿನಲ್ಲಲ್ಲ, ರಾಯಚೂರಿನ ಶಾಖೆಯ ಬ್ರಾಡ್‌ಬ್ಯಾಂಡಿನಲ್ಲಿ ನೋಡಬೇಕು. ತಪಾಸಣಾ ಕಟ್ಟೆ ಮುಂಬಯಿ, ಚೆನ್ನೈನಲ್ಲಿದೆ ಎಂದು ನಕ್ಷೆ ತೋರಿಸುತ್ತದೆ. ಆದರೆ ನಿಮ್ಮ ಇಂಟರ್ನೆಟ್ ಕಂಪನಿ ಅಲ್ಲಿಗೆ ನೇರ ದಾರಿ ಹಿಡಿಯುತ್ತದೋ ಸಿಂಗಪುರ ಸುತ್ತಿ ಬರುತ್ತದೋ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ.

ಎರಡನೆಯ ಪ್ರಶ್ನೆ ಲಕೋಟೆ ಬಿಚ್ಚುವುದರ ಬಗ್ಗೆ. ಇಂದಿನ ವೆಬ್ ಸಂಚಾರ ಬಹುಪಾಲು ಗೂಢಲಿಪಿಯಲ್ಲಿ ಹೋಗುತ್ತದೆ. ಕ್ಲೌಡ್ ಕಾವಲುಗಾರ ಅದನ್ನು ಬಿಚ್ಚಿ, ಓದಿ, ಮತ್ತೆ ಮುಚ್ಚಿ ಕಳಿಸುತ್ತಾನೆ. ಬಿಚ್ಚದಿದ್ದರೆ ಒಳಗಿನ ವಿಷ ಕಾಣದು, ಬಿಚ್ಚಿದರೆ ನಿಮ್ಮ ಗುಟ್ಟು ಅವನ ಕಟ್ಟೆಯಲ್ಲಿ ಕ್ಷಣಕಾಲ ಬತ್ತಲಾಗುತ್ತದೆ. ಬ್ಯಾಂಕ್, ಆಸ್ಪತ್ರೆಯ ತಾಣಗಳನ್ನು ಬಿಚ್ಚದೆ ಬಿಡುತ್ತಾರೆಯೇ? ಬಿಚ್ಚುವ ಕೀಲಿ ಯಾರ ಕೈಯಲ್ಲಿದೆ? ಆ ದಾಖಲೆಗಳು ಯಾವ ದೇಶದಲ್ಲಿ ಉಳಿಯುತ್ತವೆ? ಪ್ರಯೋಗದಲ್ಲಿ ಚುರುಕಾಗಿ ಓಡಿದ ವ್ಯವಸ್ಥೆ, ಬಿಚ್ಚುವ ಕೆಲಸ ಶುರುವಾದ ಮೇಲೂ ಹಾಗೆಯೇ ಓಡುತ್ತದೆಯೇ ಎಂದು ನೋಡದೆ ಸಹಿ ಹಾಕಬಾರದು.

ಒಂದೇ ಕಾವಲುಗಾರ, ಸಾವಿರ ಮನೆ

ಪೆಟ್ಟಿಗೆಯ ಕಾಲದಲ್ಲಿ ಒಂದು ಕಂಪನಿಯ ಬಾಗಿಲು ಕೆಟ್ಟರೆ ಆ ಕಂಪನಿ ಮಾತ್ರ ನಿಲ್ಲುತ್ತಿತ್ತು. ಕ್ಲೌಡ್ ಕಾಲದಲ್ಲಿ ಕಾವಲುಗಾರ ಒಬ್ಬನೇ, ಮನೆಗಳು ಸಾವಿರ.

2024ರ ಜುಲೈ 19ರಂದು ‘ಕ್ರೌಡ್‌ಸ್ಟ್ರೈಕ್’ ಕಳಿಸಿದ ಒಂದು ದೋಷದ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ಅದು ನೆಟ್‌ವರ್ಕಿನ ಕಾವಲಲ್ಲ, ಕಂಪ್ಯೂಟರಿನೊಳಗೆ ಕೂರುವ ಕಾವಲು. ಆದರೆ ಆಜ್ಞೆ ಬರುವುದು ಕ್ಲೌಡಿನಿಂದಲೇ. ದಾಳಿ ಯಾರೂ ಮಾಡಿರಲಿಲ್ಲ, ಕಾವಲುಗಾರನೇ ಎಡವಿದ್ದ. ಆ ದಿನ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಕೈಯಿಂದ ಬರೆದ ಬೋರ್ಡಿಂಗ್ ಪಾಸುಗಳ ಚಿತ್ರಗಳನ್ನು ನಾವೆಲ್ಲ ಫೋನಿನಲ್ಲಿ ನೋಡಿದ್ದೇವೆ. ಅದೇ ತಿಂಗಳ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ‘ಸಿ-ಎಡ್ಜ್’ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್‌ನ ಒಳಗಿನ ಒಂದು ಫೈಲ್ ಮಿತಿ ಮೀರಿ ಬೆಳೆದು ಕೆಲವು ಗಂಟೆ ಇಂಟರ್ನೆಟ್‌ನ ದೊಡ್ಡ ಪಾಲು ತಡವರಿಸಿತು.

ಇದರಿಂದ ಕ್ಲೌಡ್ ಬೇಡ ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಸಣ್ಣ ಕಂಪನಿಯೊಂದು ತಾನೇ ಇಟ್ಟುಕೊಂಡ, ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಪೆಟ್ಟಿಗೆಗಿಂತ ದೊಡ್ಡವರ ಕಟ್ಟೆ ಸಾಮಾನ್ಯವಾಗಿ ಭದ್ರವೇ. ಆದರೆ ಪ್ರತಿ ಮಾರಾಟಗಾರನಿಗೂ ಓಬವ್ವನ ಕಥೆಯ ಪ್ರಶ್ನೆಯನ್ನು ಕೇಳಲೇಬೇಕು: ನೀವು ಊಟಕ್ಕೆ ಹೋದಾಗ ಕಿಂಡಿಯಲ್ಲಿ ಯಾರು ನಿಲ್ಲುತ್ತಾರೆ? ನಿಮ್ಮ ಸೇವೆ ನಿಂತರೆ ನಮ್ಮ ಜನ ಬಾಗಿಲು ತೆರೆದಿಟ್ಟುಕೊಂಡು ಕೆಲಸ ಮಾಡಬೇಕೋ, ಬಾಗಿಲು ಮುಚ್ಚಿ ಕಾಯಬೇಕೋ? ಅದನ್ನು ನಿರ್ಧರಿಸುವ ಗುಂಡಿ ನಮ್ಮ ಕೈಯಲ್ಲಿದೆಯೋ ನಿಮ್ಮ ಕೈಯಲ್ಲೋ? ಅಪ್‌ಡೇಟನ್ನು ಮೊದಲು ಹತ್ತು ಜನರಿಗೆ ಕಳಿಸಿ ನೋಡುವ ಅವಕಾಶ ಇದೆಯೇ? ಭಾನುವಾರ ರಾತ್ರಿ ಎರಡು ಗಂಟೆಗೆ ಕರೆ ಮಾಡಿದರೆ ಮನುಷ್ಯರು ಎತ್ತುತ್ತಾರೆಯೇ? ಒಪ್ಪಂದದಲ್ಲಿ ‘99.999’ ಎಂದು ಬರೆದದ್ದನ್ನು ಮುರಿದರೆ ಸಿಗುವ ಪರಿಹಾರ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರವೇ? ಮೂರು ವರ್ಷದ ನಂತರ ಬಿಟ್ಟು ಹೋಗಬೇಕೆಂದರೆ ನಮ್ಮ ನಿಯಮಪಟ್ಟಿ, ದಾಖಲೆಗಳು ಇನ್ನೊಬ್ಬರಿಗೆ ಒಪ್ಪಿಸುವ ರೂಪದಲ್ಲಿ ಕೈಗೆ ಬರುತ್ತವೆಯೇ? ಉತ್ತರಗಳನ್ನು ಕೇಳಿಸಿಕೊಂಡರೆ ಸಾಲದು, ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಎಕ್ಸೆಲ್ ಹಾಳೆಯ ಹಸಿರು ಟಿಕ್ಕುಗಳ ನಡುವೆ ಕಂಪನಿಗಳು ಬೇರೆ ಬೇರೆಯಾಗಿ ಕಾಣುವುದು ಇಲ್ಲಿಯೇ.

ಹೊಣೆ ಬಾಡಿಗೆಗೆ ಸಿಗುವುದಿಲ್ಲ

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಿಧಾನವಾಗಿಯಾದರೂ ಸ್ಪಷ್ಟವಾಗುತ್ತಿದೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ದಾಳಿಯ ಸುಳಿವು ಸಿಕ್ಕ 6 ಗಂಟೆಯೊಳಗೆ ತಿಳಿಸಬೇಕು, 180 ದಿನಗಳ ದಾಖಲೆ ಇಟ್ಟಿರಬೇಕು. ದಾಖಲೆಯನ್ನು ಮೂವತ್ತು ದಿನಕ್ಕೆ ಅಳಿಸಿ, ಹೆಚ್ಚು ದಿನಕ್ಕೆ ಹೆಚ್ಚು ಹಣ ಕೇಳುವ ಯೋಜನೆಯನ್ನು ಕೊಳ್ಳುವ ಮೊದಲು ಈ ಸಂಖ್ಯೆ ನೆನಪಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜನರ ಮಾಹಿತಿಯನ್ನು ನಿಮ್ಮ ಪರವಾಗಿ ಬೇರೊಬ್ಬರು ನಿರ್ವಹಿಸಿದರೂ ಹೊಣೆ ನಿಮ್ಮದೇ. ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಬ್ಯಾಂಕುಗಳ ಹೊರಗುತ್ತಿಗೆಯ ಬಗ್ಗೆ ರಿಸರ್ವ್ ಬ್ಯಾಂಕ್ ಹೇಳುತ್ತಾ ಬಂದಿರುವುದೂ ಇದನ್ನೇ: ಕೆಲಸವನ್ನು ಬೇರೆಯವರಿಗೆ ಕೊಡಬಹುದು, ಜವಾಬ್ದಾರಿಯನ್ನಲ್ಲ.

ಈಗ ಮಹೇಶ್ ಬ್ಯಾಂಕಿನ ವಿಷಯಕ್ಕೆ ಬರೋಣ. ಒಳ್ಳೆಯ ಕ್ಲೌಡ್ ಭದ್ರತೆ ಇದ್ದಿದ್ದರೆ ಏನಾಗುತ್ತಿತ್ತು? ಮೋಸದ ಇಮೇಲಿನ ಕೊಂಡಿ ಒತ್ತಿದಾಗ ಆ ತಾಣ ತೆರೆಯದಿರಬಹುದಿತ್ತು. ಒಳಗೆ ಕೂತ ತಂತ್ರಾಂಶ ಹೊರಗಿನ ಯಜಮಾನನಿಗೆ ಕರೆ ಮಾಡುವಾಗ ಸಿಕ್ಕಿಬೀಳಬಹುದಿತ್ತು. ಶಾಖೆಯ ಒಂದು ಕಂಪ್ಯೂಟರಿನಿಂದ ಮುಖ್ಯ ಸರ್ವರಿಗೆ ಹೋಗುವ ದಾರಿ ಮುಚ್ಚಿರಬಹುದಿತ್ತು. ಇವೆಲ್ಲ ಕಡಿಮೆಯೇನಲ್ಲ. ಆದರೆ ಹಂಚಿಕೊಂಡ ಪಾಸ್‌ವರ್ಡನ್ನು ಬದಲಿಸಬೇಕಾದವರು ಬ್ಯಾಂಕಿನವರೇ. ಹತ್ತು ಸೂಪರ್ ಯೂಸರ್‌ಗಳು ಯಾಕೆ ಬೇಕು ಎಂದು ಕೇಳಬೇಕಾದದ್ದು ಅದರ ಆಡಳಿತ ಮಂಡಳಿ. ರಜೆಯ ದಿನ ಎಚ್ಚರಿಕೆಯ ಗಂಟೆ ಬಾರಿಸಿದರೂ ಕೇಳಿಸಿಕೊಳ್ಳಲು ಒಂದು ಕಿವಿ ಬೇಕು. ಮತ್ತೆ ಲೈಸೆನ್ಸ್ ಕಥೆ: ಕ್ಲೌಡ್ ಸೇವೆಯೂ ಚಂದಾದ ಮೇಲೆಯೇ ನಡೆಯುವುದು. ಪೆಟ್ಟಿಗೆಯ ಲೈಸೆನ್ಸ್ ನವೀಕರಿಸದ ಸಂಸ್ಥೆ ಕ್ಲೌಡಿನ ಚಂದಾ ಸರಿಯಾಗಿ ಕಟ್ಟುತ್ತದೆ ಎಂದು ಹೇಗೆ ನಂಬುವುದು?

ನಮ್ಮಲ್ಲಿ ಬಹಳ ಜನ ಬಹುರಾಷ್ಟ್ರೀಯ ಕಂಪನಿಗಳ ಒಳಗೆ, ಮೂರು ಸುತ್ತಿನ ಕಾವಲಿನಲ್ಲಿ ಕೆಲಸ ಮಾಡುತ್ತೇವೆ. ಆದರೆ ಊರಲ್ಲಿ ಅಪ್ಪ ಅಮ್ಮನ ನಿವೃತ್ತಿಯ ಹಣ ಇರುವುದು ಇಂಥದೇ ಒಂದು ಸಹಕಾರಿ ಬ್ಯಾಂಕಿನಲ್ಲಿ, ಪಟ್ಟಣದ ಪತ್ತಿನ ಸಂಘದಲ್ಲಿ. ಅಲ್ಲಿನ ಆಡಳಿತ ಮಂಡಳಿಯ ಮುಂದೆ ಇವತ್ತೋ ನಾಳೆಯೋ ಯಾರಾದರೂ ಮಾರಾಟಗಾರ ಬಣ್ಣದ ಸ್ಲೈಡುಗಳನ್ನು ತೆರೆದು ಕೂರುತ್ತಾನೆ. ಆ ಕೋಣೆಯಲ್ಲಿ ಸರಿಯಾದ ಪ್ರಶ್ನೆ ಕೇಳುವವರು ಒಬ್ಬರಾದರೂ ಇರಬೇಕು. ಊರಿನ ಸಂಘದ ವಾರ್ಷಿಕ ಸಭೆಯ ನೋಟೀಸು ಅಪ್ಪನ ಹೆಸರಿಗೆ ಬರುತ್ತದೆ, ನಾವು ಓದದೆ ಪಕ್ಕಕ್ಕಿಡುತ್ತೇವೆ. ಈ ಸಲ ಓದೋಣ. ಸಾಧ್ಯವಾದರೆ ಅಪ್ಪನ ಜೊತೆ ಹೋಗಿ ಕೂತು, ಲೆಕ್ಕಪತ್ರ ಒಪ್ಪಿಗೆಯಾಗುವ ಮೊದಲು, ಫೈರ್‌ವಾಲಿನ ಲೈಸೆನ್ಸ್ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಕೇಳೋಣ.